ಸಂಸ್ಥೆಯ ಮೇಲ್ ಸರ್ವರ್: ದಾವಣಗೆರೆ, ಚಿತ್ರದುರ್ಗದವರು ಯಾವ ದಾರಿ ಹಿಡಿಯಬೇಕು?

ಸಂಸ್ಥೆಗಳು ಸ್ವಂತ ಮೇಲ್ ನಡೆಸಲು ಬಳಸುವ ಸಾಫ್ಟ್‌ವೇರ್ ಎಕ್ಸ್‌ಚೇಂಜ್ ಸರ್ವರ್. ಅದರ 2016 ಮತ್ತು 2019, ಈ ಎರಡು ಆವೃತ್ತಿಗಳಿಗೂ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಸ್ವಂತ ಕೋಣೆಯಲ್ಲಿ ಮೇಲ್ ಸರ್ವರ್ ಇಟ್ಟುಕೊಂಡ ಕಾಲೇಜು, ಆಸ್ಪತ್ರೆ, ಗಿರಣಿ, ಸಹಕಾರ ಸಂಘಗಳ ಐಟಿ ವಿಭಾಗದವರು ಈಗ ಒಂದಲ್ಲ ಒಂದು ತೀರ್ಮಾನಕ್ಕೆ ಬರಲೇಬೇಕು. ಮಾರುವವರು ಬಂದು 'ಹೈ ಅವೈಲಬಿಲಿಟಿ' ಅನ್ನುತ್ತಾರೆ, 'ಕ್ಲೌಡ್' ಅನ್ನುತ್ತಾರೆ, ಆಡಳಿತ ಮಂಡಳಿಯವರು 'ಎಷ್ಟಾಗುತ್ತೆ?' ಅನ್ನುತ್ತಾರೆ. ಈ ಮಾತುಕತೆಯಲ್ಲಿ ಎರಡು ಬೇರೆ ಬೇರೆ ವಿಷಯಗಳು ಒಂದೇ ಬಿಲ್ಲಿನಲ್ಲಿ ಕಲಸಿಹೋಗುತ್ತವೆ. ಮೇಲ್ ನಿಲ್ಲದಂತೆ ನೋಡಿಕೊಳ್ಳುವ ಏರ್ಪಾಡು ಒಂದು. ಹೋದ ಮೇಲ್ ಮರಳಿ ಪಡೆಯುವ ಏರ್ಪಾಡು ಇನ್ನೊಂದು. ಮೊದಲನೆಯದಕ್ಕೆ ಲಕ್ಷಗಟ್ಟಲೆ ಸುರಿದು ಎರಡನೆಯದನ್ನು ಮರೆತವರು ನಮ್ಮ ಕಡೆ ಬಹಳ ಜನ ಇದ್ದಾರೆ. ಈ ಬರಹದ ಹೋಲಿಕೆಯೆಲ್ಲ ಆ ಎರಡನ್ನು ಬಿಡಿಸಿಟ್ಟು ನೋಡುವ ಪ್ರಯತ್ನ.

ಮೊದಲು ಎರಡು ಪ್ರಶ್ನೆ

ಮೇಲ್ ಎಷ್ಟು ಹೊತ್ತು ನಿಂತರೆ ನಿಮ್ಮ ಕೆಲಸ ಕೆಡುತ್ತದೆ? ಅವಘಡವಾದರೆ ಎಷ್ಟು ಹೊತ್ತಿನ ಮೇಲ್ ಕಳೆದುಕೊಂಡರೂ ತಡೆದುಕೊಳ್ಳಬಹುದು? ಐಟಿಯವರು ಮೊದಲನೆಯದನ್ನು ಆರ್‌ಟಿಒ, ಎರಡನೆಯದನ್ನು ಆರ್‌ಪಿಒ ಎನ್ನುತ್ತಾರೆ. ಉತ್ತರವನ್ನು ನೀವೊಬ್ಬರೇ ಬರೆದುಕೊಳ್ಳಬೇಡಿ. ಲೆಕ್ಕಪತ್ರ ವಿಭಾಗ, ಖರೀದಿ ವಿಭಾಗ, ಪ್ರಾಂಶುಪಾಲರ ಕಚೇರಿಯವರನ್ನು ಕೂರಿಸಿಕೊಂಡು ಕೇಳಿ.

ಮೊದಲ ಪ್ರಶ್ನೆಗೆ ಎಲ್ಲರೂ 'ಒಂದು ನಿಮಿಷವೂ ನಿಲ್ಲಬಾರದು' ಎಂದೇ ಶುರು ಮಾಡುತ್ತಾರೆ. ಆಗ ಅವರಿಗೆ ಒಂದು ಸಂಗತಿ ತಿಳಿಸಬೇಕು. ನಿಮ್ಮ ಸರ್ವರ್ ಮಲಗಿದ್ದಾಗ ಹೊರಗಿನಿಂದ ಬರುವ ಮೇಲ್ ಕೂಡಲೇ ಹಾಳಾಗುವುದಿಲ್ಲ. ಕಳಿಸಿದವರ ಸರ್ವರ್ ಅದನ್ನು ಸರದಿಯಲ್ಲಿಟ್ಟುಕೊಂಡು ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಸರ್ವರ್‌ಗಳು ಮೇಲ್ ಸಾಗಿಸುವ ಎಸ್‌ಎಂಟಿಪಿ ನಿಯಮಗಳನ್ನು ಹೇಳುವ ಆರ್‌ಎಫ್‌ಸಿ 5321 ಎಂಬ ದಾಖಲೆಯ ಪ್ರಕಾರ ಕನಿಷ್ಠ 4ರಿಂದ 5 ದಿನ ಪ್ರಯತ್ನ ಬಿಡಬಾರದು. ಲಿನಕ್ಸ್ ಸರ್ವರ್‌ಗಳಲ್ಲಿ ಬಳಸುವ ಪೋಸ್ಟ್‌ಫಿಕ್ಸ್ ಎಂಬ ಮೇಲ್ ಸಾಫ್ಟ್‌ವೇರ್ ಸಾಮಾನ್ಯವಾಗಿ 5 ದಿನ ಕಾಯುತ್ತದೆ, ಎಕ್ಸ್‌ಚೇಂಜ್ 2 ದಿನ. ಅಂದರೆ ಮಧ್ಯಾಹ್ನ ಮೂರು ಗಂಟೆಗಳ ಕಾಲ ಸರ್ವರ್ ನಿಂತರೆ ಬರುವ ಮೇಲ್ ತಡವಾಗುತ್ತದೆ, ಅಷ್ಟೆ. ನಿಜವಾದ ಪೆಟ್ಟು ಬೀಳುವುದು ಟೆಂಡರ್ ಸಲ್ಲಿಕೆಯ ಕೊನೆಯ ಗಂಟೆಯಲ್ಲಿ, ಕೆಲವೇ ನಿಮಿಷ ಬದುಕುವ ಒಟಿಪಿ ಮೇಲ್‌ಗೆ ಬರುವಾಗ, ಹಳೆಯ ಪತ್ರವೊಂದನ್ನು ತೆರೆದು ನೋಡದೆ ಲಾರಿ ಲೋಡ್ ಬಿಡಲಾಗದ ಹೊತ್ತಿನಲ್ಲಿ. ಇಂಥ ಗಳಿಗೆಗಳು ನಿಮ್ಮಲ್ಲಿ ವಾರಕ್ಕೊಮ್ಮೆ ಬರುತ್ತವೋ, ವರ್ಷಕ್ಕೊಮ್ಮೆ ಬರುತ್ತವೋ ನೋಡಿಕೊಳ್ಳಿ. ಇದನ್ನು ವಿವರಿಸಿದ ಮೇಲೆ 'ಒಂದು ನಿಮಿಷ' ಎಂದವರು 'ಅರ್ಧ ದಿನ ಪರವಾಗಿಲ್ಲ' ಎನ್ನುವುದು ಸಾಮಾನ್ಯ. ಖರ್ಚಿನ ಅಂದಾಜು ಅಲ್ಲೇ ಅರ್ಧಕ್ಕಿಳಿಯುತ್ತದೆ.

ಒಂದೇ ಸರ್ವರ್, ಗಟ್ಟಿ ಬ್ಯಾಕಪ್

ಇದನ್ನು ಬಡವರ ದಾರಿ ಎಂದು ತಳ್ಳಿಹಾಕುವವರಿದ್ದಾರೆ. ನನ್ನ ಪ್ರಕಾರ ಇದು ಬಹಳ ಗೌರವದ ದಾರಿ, ಸರಿಯಾಗಿ ಮಾಡಿದರೆ.

ಎಕ್ಸ್‌ಚೇಂಜ್ ಒಳಗೆ ನಡೆಯುವುದು ನಮ್ಮ ಮಂಡಿಗಳಲ್ಲಿ ಗುಮಾಸ್ತರು ಬರೆಯುತ್ತಿದ್ದ ಲೆಕ್ಕದಂತೆಯೇ. ವ್ಯವಹಾರ ಆದ ಕೂಡಲೇ ಕಿರ್ದಿಯಲ್ಲಿ ಬರೆಯುತ್ತಿದ್ದರು, ಆಮೇಲೆ ಬಿಡುವು ಮಾಡಿಕೊಂಡು ಖಾತೆಗೆ ಏರಿಸುತ್ತಿದ್ದರು. ಖಾತೆ ಪುಸ್ತಕ ಹಾಳಾದರೂ ಅದರ ಹಳೆಯ ಪ್ರತಿ ಮತ್ತು ಅಲ್ಲಿಂದ ಈಚಿನ ಕಿರ್ದಿ ಪೂರ್ತಿ ಇದ್ದರೆ ಲೆಕ್ಕವನ್ನು ಕೊನೆಯ ಸಾಲಿನವರೆಗೆ ಮತ್ತೆ ಕಟ್ಟಬಹುದು. ಇಲ್ಲಿ ಕಿರ್ದಿ ಎಂದರೆ ಟ್ರಾನ್ಸಾಕ್ಷನ್ ಲಾಗ್, ಒಂದೊಂದೂ 1 ಎಂಬಿ ಗಾತ್ರದ ಫೈಲು. ಖಾತೆ ಎಂದರೆ ಡೇಟಾಬೇಸ್ ಫೈಲು. ಇದರಿಂದ ಹೊರಡುವ ಕೆಲಸದ ಮಾತುಗಳು ಮೂರು. ಲಾಗ್ ಮತ್ತು ಡೇಟಾಬೇಸ್ ಬೇರೆ ಬೇರೆ ಡಿಸ್ಕ್‌ಗಳಲ್ಲಿ ಇರಬೇಕು. ಎರಡೂ ಒಟ್ಟಿಗೆ ಸತ್ತರೆ ಕೊನೆಯ ಬ್ಯಾಕಪ್‌ವರೆಗೆ ಮಾತ್ರ ಸಿಗುತ್ತದೆ. ಒಂದೇ ಸರ್ವರ್ ಇದ್ದಲ್ಲಿ ಸರ್ಕ್ಯುಲರ್ ಲಾಗಿಂಗ್ ಆನ್ ಮಾಡಬಾರದು, ಏಕೆಂದರೆ ಅದು ಹಳೆಯ ಲಾಗ್‌ಗಳನ್ನು ಅಳಿಸುತ್ತಾ ಹೋಗುತ್ತದೆ. ಇನ್ನು ಬ್ಯಾಕಪ್ ಯಶಸ್ವಿಯಾಗಿ ಮುಗಿದಾಗ ಮಾತ್ರ ಲಾಗ್‌ಗಳು ತೆರವಾಗುವುದರಿಂದ, ಬ್ಯಾಕಪ್ ಕೆಲವು ದಿನ ಸದ್ದಿಲ್ಲದೆ ವಿಫಲವಾದರೆ ಡಿಸ್ಕ್ ತುಂಬಿ ಡೇಟಾಬೇಸ್ ತಾನಾಗಿ ಡಿಸ್‌ಮೌಂಟ್ ಆಗುತ್ತದೆ, ಅಂದರೆ ಬಳಕೆಗೆ ಸಿಗದಂತೆ ಮುಚ್ಚಿಕೊಳ್ಳುತ್ತದೆ. 'ಸರ್ವರ್ ಕೆಟ್ಟಿದೆ' ಎಂದು ಫೋನ್ ಬಂದಾಗ ನೋಡಿದರೆ ಯಂತ್ರ ಚೆನ್ನಾಗಿಯೇ ಇರುತ್ತದೆ, ಲಾಗ್ ಡಿಸ್ಕ್‌ನಲ್ಲಿ ಜಾಗ ಇರುವುದಿಲ್ಲ.

ಕರೆಂಟ್ ಹೋಗಿ ಡೇಟಾಬೇಸ್ ಮೇಲೇಳದಿದ್ದಾಗ ಗಾಬರಿಯಲ್ಲಿ ಇಎಸ್‌ಇಯುಟಿಲ್ ಎಂಬ ಎಕ್ಸ್‌ಚೇಂಜ್ ರಿಪೇರಿ ಉಪಕರಣದ 'ಪಿ' ಆಯ್ಕೆ ಓಡಿಸಬೇಡಿ. ಅದು ಸರಿಹೊಂದದ ಪುಟಗಳನ್ನು ಕಿತ್ತು ಎಸೆದು ರಿಪೇರಿ ಮಾಡುತ್ತದೆ, ಆ ಪುಟಗಳಲ್ಲಿದ್ದ ಮೇಲ್ ಹೋದಂತೆಯೇ. ಮೊದಲು 'ಎಂಎಚ್' ಆಯ್ಕೆಯಿಂದ ಸ್ಥಿತಿ ನೋಡಿ. ಡರ್ಟಿ ಶಟ್‌ಡೌನ್ (ಕೆಲವು ಲಾಗ್‌ಗಳು ಡೇಟಾಬೇಸಿಗೆ ಏರುವ ಮೊದಲೇ ನಿಂತಿದೆ) ಎಂದು ಬಂದರೆ, ಬೇಕಾದ ಲಾಗ್‌ಗಳು ಇವೆಯೇ ಪರೀಕ್ಷಿಸಿ 'ಆರ್' ಆಯ್ಕೆಯಿಂದ ಲಾಗ್‌ಗಳನ್ನು ಏರಿಸಿ. ಅದಕ್ಕೂ ಮುಂಚೆ ಫೈಲುಗಳದ್ದೊಂದು ನಕಲು ಬೇರೆ ಡಿಸ್ಕ್‌ಗೆ ತೆಗೆದಿಡಿ.

ಒಂದೇ ಸರ್ವರ್ ಇದ್ದವರಿಗೆ ಡಯಲ್ ಟೋನ್ ರಿಕವರಿ ಎಂಬ ಕ್ರಮ ದೊಡ್ಡ ಆಸರೆ. ಡೇಟಾಬೇಸ್ ಹಾಳಾಯಿತು, ರಿಸ್ಟೋರ್‌ಗೆ ಇಡೀ ದಿನ ಬೇಕು ಎಂದಾಗ ಖಾಲಿ ಡೇಟಾಬೇಸ್ ಒಂದನ್ನು ಮೌಂಟ್ ಮಾಡಿ ಎಲ್ಲರಿಗೂ ಬರಿದಾದ ಇನ್‌ಬಾಕ್ಸ್ ಕೊಡುತ್ತೀರಿ. ಮೇಲ್ ಹೋಗುವುದು, ಬರುವುದು ತಕ್ಷಣ ಶುರುವಾಗುತ್ತದೆ. ಹಳೆಯ ಮೇಲ್‌ಗಳನ್ನು ಬದಿಯಲ್ಲಿ ರಿಕವರಿ ಡೇಟಾಬೇಸ್‌ಗೆ ತಂದು ನಿಧಾನವಾಗಿ ಸೇರಿಸುತ್ತೀರಿ. ಎರಡನೇ ಸರ್ವರ್ ಕೊಳ್ಳದೆಯೇ, ಡೇಟಾಬೇಸ್ ಹಾಳಾದ ದಿನವೂ ಒಂದೆರಡು ಗಂಟೆಯಲ್ಲಿ ಮೇಲ್ ನಡೆಯುವ ಸ್ಥಿತಿಗೆ ಬರುವ ಉಪಾಯ ಇದು. ಬಹಳ ಅಡ್ಮಿನ್‌ಗಳು ಇದನ್ನು ಒಮ್ಮೆಯೂ ಅಭ್ಯಾಸ ಮಾಡಿರುವುದಿಲ್ಲ ಎಂಬುದೇ ಬೇಸರ.

ಡಿಎಜಿ: ಎರಡು ಮೂರು ಸರ್ವರ್‌ಗಳ ಕೂಟ

ಎಕ್ಸ್‌ಚೇಂಜ್ 2010ರಲ್ಲಿ ಬಂದ ಡೇಟಾಬೇಸ್ ಅವೈಲಬಿಲಿಟಿ ಗ್ರೂಪ್, ಅಂದರೆ ಡಿಎಜಿಯಲ್ಲಿ 16ರವರೆಗೆ ಸರ್ವರ್‌ಗಳು ಇರಬಹುದು. ಒಂದು ಸರ್ವರಿನಲ್ಲಿ ಬರೆದ ಲಾಗ್ ಉಳಿದವುಗಳಿಗೆ ಹೋಗುತ್ತಿರುತ್ತದೆ. ಒಂದು ಬಿದ್ದರೆ ಇನ್ನೊಂದು ಆ ಡೇಟಾಬೇಸನ್ನು ಎತ್ತಿಕೊಳ್ಳುತ್ತದೆ. ಯಂತ್ರ ಕೆಡುವುದಕ್ಕೆ, ಡಿಸ್ಕ್ ಸಾಯುವುದಕ್ಕೆ, ಹಗಲಲ್ಲೇ ಅಪ್‌ಡೇಟ್ ಹಾಕುವುದಕ್ಕೆ ಇದಕ್ಕಿಂತ ಒಳ್ಳೆಯ ವ್ಯವಸ್ಥೆ ಎಕ್ಸ್‌ಚೇಂಜ್‌ನಲ್ಲಿ ಇನ್ನೊಂದಿಲ್ಲ.

ಆದರೆ ನಮ್ಮಲ್ಲಿ ಕಾಣುವ ಡಿಎಜಿ ಹೇಗಿರುತ್ತದೆ? ಎರಡು ಸರ್ವರ್, ಒಂದೇ ರ‍್ಯಾಕ್, ಒಂದೇ ಯುಪಿಎಸ್, ಒಂದೇ ಎಸಿ, ಒಂದೇ ಫೈಬರ್ ಸಂಪರ್ಕ. ಬೆಸ್ಕಾಂ ಲೈನ್ ಹೋಗಿ ಜನರೇಟರ್ ತಡವಾದರೆ ಎರಡೂ ಒಟ್ಟಿಗೆ ಮಲಗುತ್ತವೆ. ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಇನ್ನೊಂದು ತೊಂದರೆ: ಸರ್ವರ್‌ಗಳು ಯುಪಿಎಸ್‌ನಲ್ಲಿ ಓಡುತ್ತಿರುತ್ತವೆ, ಎಸಿ ಮಾತ್ರ ನಿಂತಿರುತ್ತದೆ, ಕೋಣೆ ಕಾದು ಯಂತ್ರಗಳು ತಾವಾಗಿ ಆಫ್ ಆಗುತ್ತವೆ. ಈ ಕೋಣೆಗೆ ಮೂರನೇ ಸರ್ವರ್ ಸೇರಿಸುವ ಮುಂಚೆ ಎಸಿಯನ್ನು ಜನರೇಟರ್‌ಗೆ ಜೋಡಿಸುವ, ಎರಡನೇ ಇಂಟರ್ನೆಟ್ ಸಂಪರ್ಕ ತರುವ ಕೆಲಸ ಆಗಬೇಕು. ಎರಡು ಕಂಪನಿಗಳ ಫೈಬರ್ ತೆಗೆದುಕೊಂಡರೂ ಅವು ಒಂದೇ ರಸ್ತೆ ಬದಿಯ ಒಂದೇ ಗುಂಡಿಯಲ್ಲಿ ಬರುತ್ತಿದ್ದರೆ ಒಂದೇ ಜೆಸಿಬಿ ಎರಡನ್ನೂ ಕತ್ತರಿಸುತ್ತದೆ. ದಾರಿ ಯಾವುದು ಎಂದು ಲೈನ್‌ಮನ್‌ನನ್ನೇ ಕೇಳಿ ತಿಳಿದುಕೊಳ್ಳಿ.

ದಾವಣಗೆರೆಯಲ್ಲೊಂದು, ಚಿತ್ರದುರ್ಗದ ಶಾಖೆಯಲ್ಲೊಂದು ಸರ್ವರ್ ಇಟ್ಟರೆ ಆಗದೇ ಎಂದು ಕೇಳುವವರಿದ್ದಾರೆ. ಆಗುತ್ತದೆ. ನಡುವೆ ಇರುವುದು 60 ಕಿ.ಮೀ. ಆಸುಪಾಸು, ಡಿಎಜಿಗೆ ಮೈಕ್ರೋಸಾಫ್ಟ್ ಒಪ್ಪುವ ಸುತ್ತುಪ್ರಯಾಣದ ವಿಳಂಬ 500 ಮಿಲಿಸೆಕೆಂಡ್ ಒಳಗೆ. ಆ ಲೆಕ್ಕದಲ್ಲಿ ದೂರ ಏನೂ ಅಲ್ಲ. ತೊಡಕು ಬಹುಮತದ್ದು. ಡಿಎಜಿಯಲ್ಲಿ ಯಾರು ಬದುಕಿದ್ದಾರೆ ಎಂಬುದು ಮತಗಳಿಂದ ತೀರ್ಮಾನವಾಗುತ್ತದೆ. ಎರಡು ಸರ್ವರ್ ಇದ್ದರೆ ಮೂರನೇ ಮತಕ್ಕೆ ವಿಟ್ನೆಸ್ ಎಂಬ ಫೈಲ್ ಷೇರ್ ಬೇಕು. ಆ ವಿಟ್ನೆಸ್ ದಾವಣಗೆರೆಯಲ್ಲಿದ್ದು, ದಾವಣಗೆರೆಯ ಕಚೇರಿಗೇ ಕರೆಂಟ್ ಇಲ್ಲವಾದರೆ ಚಿತ್ರದುರ್ಗದ ಸರ್ವರ್ ಕೈಯಲ್ಲಿ ಒಂದೇ ಮತ ಉಳಿದು ಅದೂ ನಿಲ್ಲುತ್ತದೆ. ಹಾಗಾಗಿ ವಿಟ್ನೆಸ್ ಮೂರನೇ ಊರಿನಲ್ಲಿ, ಎರಡೂ ಕಡೆಗೆ ಬೇರೆ ಬೇರೆ ದಾರಿಯಿಂದ ತಲುಪುವ ಜಾಗದಲ್ಲಿ ಇರಬೇಕು. ಇತರ ಸರ್ವರ್‌ಗಳನ್ನು ಕೇಳಿಕೊಳ್ಳದೆ ಡೇಟಾಬೇಸ್ ಮೇಲೇಳದಂತೆ ತಡೆಯುವ ಡಿಎಸಿ ಮೋಡ್ ಆನ್ ಆಗಿರಬೇಕು, ಇಲ್ಲದಿದ್ದರೆ ಕರೆಂಟ್ ಮರಳಿದಾಗ ಎರಡೂ ಕಡೆ ಒಂದೇ ಡೇಟಾಬೇಸ್ ಮೇಲೆದ್ದು ಎರಡು ಸತ್ಯಗಳು ಹುಟ್ಟಿಕೊಳ್ಳಬಹುದು.

ಲೈಸೆನ್ಸ್ ವಿಷಯದಲ್ಲಿ ಒಂದು ಸೂಕ್ಷ್ಮ. ಸ್ಟ್ಯಾಂಡರ್ಡ್ ಆವೃತ್ತಿಯಲ್ಲೂ ಡಿಎಜಿ ಮಾಡಬಹುದು, ಆದರೆ ಒಂದು ಸರ್ವರಿನಲ್ಲಿ 5 ಡೇಟಾಬೇಸ್ ಮಾತ್ರ, ಬೇರೆ ಸರ್ವರಿನಿಂದ ಬಂದ ನಕಲುಗಳೂ ಆ ಐದರಲ್ಲೇ ಲೆಕ್ಕ. ಎಂಟರ್‌ಪ್ರೈಸ್‌ನಲ್ಲಿ 100.

ಇನ್ನು ಮುಖ್ಯವಾದ ಮಾತು. ಡಿಎಜಿ ಬ್ಯಾಕಪ್‌ನ ಕೆಲಸ ಮಾಡುವುದಿಲ್ಲ. ಯಾರೋ ಒಂದು ಫೋಲ್ಡರ್ ಅಳಿಸಿದರೆ ಆ ಅಳಿಸುವಿಕೆಯೂ ಲಾಗ್‌ನಲ್ಲಿ ಬರೆದು ಕ್ಷಣಗಳಲ್ಲಿ ಎಲ್ಲ ನಕಲುಗಳಿಗೂ ತಲುಪುತ್ತದೆ. ಅಳಿಸಿದ ಮೇಲ್ ಸಾಮಾನ್ಯವಾಗಿ 14 ದಿನ, ಅಳಿಸಿದ ಮೇಲ್‌ಬಾಕ್ಸ್ 30 ದಿನ ಡೇಟಾಬೇಸಿನೊಳಗೇ ಉಳಿದಿರುತ್ತದೆ, ಬೇಕಾದರೆ ಹೆಚ್ಚಿಸಬಹುದು. ಸಿಂಗಲ್ ಐಟಂ ರಿಕವರಿ ಆನ್ ಮಾಡಿದರೆ ಬಳಕೆದಾರ ಪೂರ್ತಿ ಅಳಿಸಿದರೂ ಅವಧಿ ಮುಗಿಯುವವರೆಗೆ ಮೇಲ್ ಸಿಗುತ್ತದೆ. ಒಂದು ನಕಲನ್ನು 14 ದಿನಗಳವರೆಗೆ ಹಿಂದೆ ಇಡುವ ಲ್ಯಾಗ್ಡ್ ಕಾಪಿ ಎಂಬ ಸೌಲಭ್ಯವೂ ಇದೆ. ಬ್ಯಾಕಪ್ ಇಲ್ಲದೆ ನಕಲುಗಳನ್ನೇ ನಂಬುವುದಾದರೆ ಲ್ಯಾಗ್ ಇಲ್ಲದ ಕನಿಷ್ಠ ಮೂರು ನಕಲು ಇರಲಿ ಎಂಬುದು ಮೈಕ್ರೋಸಾಫ್ಟ್‌ನದೇ ಸಲಹೆ. ನಮ್ಮ ಜಿಲ್ಲೆಯ ಎಷ್ಟು ಸಂಸ್ಥೆಗಳ ಕೋಣೆಯಲ್ಲಿ ಅಷ್ಟು ಯಂತ್ರಗಳಿಗೆ ಜಾಗ, ಎಸಿ, ವಿದ್ಯುತ್ ಇದೆ?

ಲಿನಕ್ಸ್ ದಾರಿ

ಮೇಲ್ ಸಾಗಿಸುವ ಪೋಸ್ಟ್‌ಫಿಕ್ಸ್, ಮೇಲ್‌ಬಾಕ್ಸ್‌ಗಳನ್ನು ನೋಡಿಕೊಳ್ಳುವ ಡವ್‌ಕಾಟ್ ಜೋಡಿಗೆ ಲೈಸೆನ್ಸ್ ಹಣ ಇಲ್ಲ. ಮೇಲ್‌ಡಿರ್ ರೂಪದಲ್ಲಿ ಇಟ್ಟರೆ ಒಂದು ಮೇಲ್‌ಗೆ ಒಂದು ಫೈಲು. ಒಬ್ಬರ ಒಂದೇ ಪತ್ರವನ್ನು ನಿನ್ನೆಯ ಬ್ಯಾಕಪ್‌ನಿಂದ ಎತ್ತಿ ಅವರ ಫೋಲ್ಡರ್‌ಗೆ ಹಾಕುವುದು ನಿಮಿಷದ ಕೆಲಸ. ಮರಳಿ ಪಡೆಯುವ ಸರಳತೆಯಲ್ಲಿ ಇದಕ್ಕೆ ಸಾಟಿ ಇಲ್ಲ. ನಿಲ್ಲದಂತೆ ನೋಡಿಕೊಳ್ಳುವ ವಿಷಯದಲ್ಲಿ ಮಾತ್ರ ಎಚ್ಚರ ಬೇಕು: ಎರಡು ಡವ್‌ಕಾಟ್ ಸರ್ವರ್‌ಗಳನ್ನು ತಾವಾಗಿ ಸಮ ಮಾಡುತ್ತಿದ್ದ ರೆಪ್ಲಿಕೇಶನ್ ಸೌಲಭ್ಯವನ್ನು 2.4 ಆವೃತ್ತಿಯಲ್ಲಿ ತೆಗೆದುಹಾಕಲಾಗಿದೆ. ಅದನ್ನು ನಂಬಿ ಕಟ್ಟಿದವರು ಅಪ್‌ಗ್ರೇಡ್ ಮಾಡುವ ಮುಂಚೆ ಬೇರೆ ದಾರಿ ನೋಡಿಕೊಳ್ಳಬೇಕು. ಲಿನಕ್ಸ್ ಮೇಲೆ ಓಡುವ ಇನ್ನೊಂದು ಮೇಲ್ ಸಾಫ್ಟ್‌ವೇರ್ ಆದ ಜಿಂಬ್ರಾ ಆರಿಸುವವರು, ಸರ್ವರ್ ಓಡುತ್ತಿರುವಾಗಲೇ ಬ್ಯಾಕಪ್ ತೆಗೆದು ರಿಸ್ಟೋರ್ ಮಾಡುವ ವ್ಯವಸ್ಥೆ ಹಣ ಕೊಡುವ ನೆಟ್‌ವರ್ಕ್ ಆವೃತ್ತಿಯಲ್ಲಿ ಮಾತ್ರ ಎಂಬುದನ್ನು ನೆನಪಿಡಿ.

ಈ ದಾರಿಯ ನಿಜವಾದ ಬೆಲೆ ಮನುಷ್ಯನದು. ಎಲ್ಲ ಕಾನ್ಫಿಗರೇಶನ್ ಒಬ್ಬ ಹುಡುಗನ ತಲೆಯಲ್ಲಿದ್ದು, ಅವನು ಬೆಂಗಳೂರಿನ ಕೆಲಸಕ್ಕೆ ಹೊರಟರೆ ಉಳಿಯುವುದು ಯಾರೂ ಮುಟ್ಟಲು ಹೆದರುವ ಪೆಟ್ಟಿಗೆ. ಬರೆದಿಟ್ಟ ದಾಖಲೆ ಮತ್ತು ಇಬ್ಬರು ತಿಳಿದವರು ಇಲ್ಲದ ಸಂಸ್ಥೆಗೆ ನಾನು ಇದನ್ನು ಹೇಳುವುದಿಲ್ಲ.

ಕ್ಲೌಡ್

ಗೂಗಲ್ ವರ್ಕ್‌ಸ್ಪೇಸ್ ಆಗಲಿ, ಮೈಕ್ರೋಸಾಫ್ಟ್ 365 ಆಗಲಿ ಮಾತು ಕೊಡುವುದು 99.9 ಶೇಕಡ ಲಭ್ಯತೆ. 30 ದಿನದ ತಿಂಗಳಿಗೆ ಲೆಕ್ಕ ಹಾಕಿದರೆ ನಿಲ್ಲಬಹುದಾದ ಹೊತ್ತು ಸುಮಾರು 43 ನಿಮಿಷ. ನಮ್ಮ ಊರಿನ ಒಂದು ಕೋಣೆಯಲ್ಲಿ ಇಷ್ಟನ್ನು ವರ್ಷಪೂರ್ತಿ ಸಾಧಿಸುವುದು ಬಹಳ ಕಷ್ಟ. ಇದಕ್ಕಿಂತ ದೊಡ್ಡ ಅನುಕೂಲ ಇನ್ನೊಂದಿದೆ. ಸರ್ವರ್ ನಿಮ್ಮ ಕಚೇರಿಯಲ್ಲಿದ್ದು ಕಚೇರಿಯ ಫೈಬರ್ ಕಡಿದರೆ ಇಡೀ ಸಂಸ್ಥೆ ಹೊರಲೋಕಕ್ಕೆ ಇಲ್ಲವಾಗುತ್ತದೆ. ಹರಿಹರದಲ್ಲಿ ಕುಳಿತ ಮ್ಯಾನೇಜರಿಗೂ ಮೇಲ್ ಇಲ್ಲ. ಸರ್ವರ್ ಕ್ಲೌಡ್‌ನಲ್ಲಿದ್ದರೆ ಅದೇ ಫೈಬರ್ ಕಡಿದಾಗ ಕಚೇರಿಯವರು ಮೊಬೈಲ್ ಡೇಟಾ ಆನ್ ಮಾಡಿ ಕೆಲಸ ಮುಂದುವರಿಸುತ್ತಾರೆ. ಭದ್ರತೆಯ ಮಾತೂ ಇದೆ. 2021ರ ಮಾರ್ಚ್‌ನಲ್ಲಿ ಹೊರಬಿದ್ದ ಪ್ರಾಕ್ಸಿಲಾಗನ್ ದೋಷಗಳು ಸ್ವಂತ ಎಕ್ಸ್‌ಚೇಂಜ್ ಇಟ್ಟವರನ್ನು ಜಗತ್ತಿನಾದ್ಯಂತ ಕಾಡಿದವು. ಮೈಕ್ರೋಸಾಫ್ಟ್ 365ರ ಮೇಲ್ ಸೇವೆಯಾದ ಎಕ್ಸ್‌ಚೇಂಜ್ ಆನ್‌ಲೈನ್‌ಗೆ ಅವು ತಟ್ಟಲಿಲ್ಲ.

ದಾವಣಗೆರೆಯಂಥ ಕಾಲೇಜುಗಳ ಊರಿಗೆ ಇನ್ನೊಂದು ಸಂಗತಿ: ಅರ್ಹ ಶಿಕ್ಷಣ ಸಂಸ್ಥೆಗಳಿಗೆ ಗೂಗಲ್‌ನ ಫಂಡಮೆಂಟಲ್ಸ್ ಆವೃತ್ತಿ ಉಚಿತ, ಇಡೀ ಸಂಸ್ಥೆಗೆ ಒಟ್ಟು 100 ಟಿಬಿ ಜಾಗ. ವಿದ್ಯಾರ್ಥಿಗಳ ಸಾವಿರಾರು ಮೇಲ್‌ಬಾಕ್ಸ್‌ಗಳನ್ನು ಸ್ವಂತ ಸರ್ವರಿನಲ್ಲಿ ಇಟ್ಟು ಒದ್ದಾಡುವುದಕ್ಕೆ ನನಗೆ ಕಾರಣ ಕಾಣುವುದಿಲ್ಲ.

ಹಾಗಾದರೆ ಕ್ಲೌಡ್‌ಗೆ ಹೋದರೆ ಬ್ಯಾಕಪ್ ಚಿಂತೆ ಮುಗಿಯಿತೇ? ಇಲ್ಲ, ಮತ್ತು ಜನ ಮೋಸಹೋಗುವುದು ಇಲ್ಲಿಯೇ. ಕ್ಲೌಡ್ ಕಂಪನಿ ತನ್ನ ಯಂತ್ರಗಳು ಕೆಟ್ಟರೆ ಹೊಣೆ ಹೊರುತ್ತದೆ, ನಿಮ್ಮವರೇ ಅಳಿಸಿದ್ದಕ್ಕಲ್ಲ. ಜಿಮೇಲ್‌ನಲ್ಲಿ ಅಳಿಸಿದ್ದು 30 ದಿನ ಕಸದ ಫೋಲ್ಡರ್‌ನಲ್ಲಿರುತ್ತದೆ, ಅಲ್ಲಿಂದ ಹೋದ ಮೇಲೆ ಅಡ್ಮಿನ್‌ಗೆ ಇನ್ನು 25 ದಿನ ಅವಕಾಶ. ಅಳಿಸಿದ ಖಾತೆಯನ್ನು 20 ದಿನದೊಳಗೆ ಮರಳಿ ತರಬೇಕು. ಎಕ್ಸ್‌ಚೇಂಜ್ ಆನ್‌ಲೈನ್‌ನಲ್ಲಿ ಅಳಿಸಿದ ಮೇಲ್‌ಗೆ 14 ದಿನ, ಹೆಚ್ಚೆಂದರೆ 30. ಕೆಲಸ ಬಿಟ್ಟವರ ಮೇಲ್‌ಬಾಕ್ಸ್ ಅಳಿಸಿ, ಆರು ತಿಂಗಳ ಮೇಲೆ ಆಡಿಟ್‌ನವರು ಬಂದು ಆ ಪತ್ರ ಕೇಳಿದರೆ ಕೊಡಲು ಏನೂ ಇರುವುದಿಲ್ಲ. ಗೂಗಲ್‌ನ ವಾಲ್ಟ್, ಮೈಕ್ರೋಸಾಫ್ಟ್‌ನ ಲಿಟಿಗೇಶನ್ ಹೋಲ್ಡ್‌ನಂಥ ಕಾಯ್ದಿಡುವ ಸೌಲಭ್ಯಗಳು ಎಲ್ಲ ಪ್ಲಾನ್‌ಗಳಲ್ಲಿ ಇಲ್ಲ. ಗೂಗಲ್‌ನ ಬಿಸಿನೆಸ್ ಸ್ಟಾರ್ಟರ್ ಕೊಂಡವರಿಗೆ ವಾಲ್ಟ್ ಸಿಗುವುದಿಲ್ಲ. ಕಡಿಮೆ ದರದ ಪ್ಲಾನ್ ತೆಗೆದುಕೊಳ್ಳುವುದಾದರೆ ಬೇರೆ ಕಂಪನಿಯ ಬ್ಯಾಕಪ್ ಸೇವೆಯ ಹಣವನ್ನೂ ಸೇರಿಸಿಯೇ ಹೋಲಿಕೆ ಮಾಡಿ. ಆ ಸಾಲು ಇಲ್ಲದ ಕೊಟೇಶನ್ ಅಪೂರ್ಣ.

ಎಲ್ಲರಿಗೂ ಅನ್ವಯಿಸುವ ಒಂದೆರಡು ಮಾತು

ಸಂಸ್ಥೆಯ ಖಾತೆ, ಪಾಸ್‌ವರ್ಡ್‌ಗಳನ್ನೆಲ್ಲ ಒಂದೆಡೆ ನಿರ್ವಹಿಸುವ ಆಕ್ಟಿವ್ ಡೈರೆಕ್ಟರಿ ಡೊಮೇನ್‌ಗೆ ಬ್ಯಾಕಪ್ ಯಂತ್ರವನ್ನು ಸೇರಿಸಬೇಡಿ. ರ‍್ಯಾನ್ಸಮ್‌ವೇರ್‌ನವರು ಡೊಮೇನ್ ಅಡ್ಮಿನ್ ಪಾಸ್‌ವರ್ಡ್ ಸಿಕ್ಕ ಕೂಡಲೇ ಮೊದಲು ಹುಡುಕುವುದು ಬ್ಯಾಕಪ್ಪನ್ನೇ. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಬೇರೆ ಜಾಗದಲ್ಲಿ ಎಂಬ ಹಳೆಯ ನಿಯಮ ಇಂದಿಗೂ ಸರಿ. ಆ ಒಂದು ಪ್ರತಿ ತಂತಿ ಕಳಚಿಟ್ಟ ಡಿಸ್ಕ್ ಆಗಿದ್ದು, ವಾರಕ್ಕೊಮ್ಮೆ ಇನ್ನೊಂದು ಊರಿನ ಶಾಖೆಗೆ ಹೋಗಿ ಬಂದರೆ ಇನ್ನೂ ಒಳ್ಳೆಯದು. ಸೈಬರ್ ಅವಘಡ ಗಮನಕ್ಕೆ ಬಂದ 6 ಗಂಟೆಯೊಳಗೆ ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್‌ಗೆ ತಿಳಿಸಬೇಕು, ಕಂಪ್ಯೂಟರ್ ವ್ಯವಸ್ಥೆಗಳ ಚಟುವಟಿಕೆ ದಾಖಲಿಸುವ ಲಾಗ್‌ಗಳನ್ನು 180 ದಿನ ಇಟ್ಟಿರಬೇಕು ಎಂದು 2022ರ ಏಪ್ರಿಲ್ 28ರ ನಿರ್ದೇಶನ ಹೇಳುತ್ತದೆ. ಲಾಗ್ ಇಡುವ ಜಾಗದ ಖರ್ಚನ್ನು ಮೊದಲೇ ಸೇರಿಸಿಕೊಳ್ಳಿ.

ರಿಸ್ಟೋರ್ ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದನ್ನು ಕಾಗದದ ಮೇಲೆ ಲೆಕ್ಕ ಹಾಕಿ. 1 ಟಿಬಿ ಮೇಲ್ ದೂರದ ಕ್ಲೌಡ್ ಬ್ಯಾಕಪ್‌ನಲ್ಲಿದ್ದು ನಿಮ್ಮ ಲೈನ್ 50 ಎಂಬಿಪಿಎಸ್ ಆಗಿದ್ದರೆ, ಒಂದು ಕ್ಷಣವೂ ತಡವಿಲ್ಲದೆ ಇಳಿದರೂ 44 ಗಂಟೆ. ಅದೇ 1 ಟಿಬಿ ಕಚೇರಿಯೊಳಗಿನ ಗಿಗಾಬಿಟ್ ನೆಟ್‌ವರ್ಕ್‌ನಲ್ಲಿ ಸೆಕೆಂಡಿಗೆ 100 ಎಂಬಿಯಂತೆ ಬಂದರೆ ಮೂರು ಗಂಟೆಗಿಂತ ಕಡಿಮೆ. ಹಾಗಾಗಿ ಸ್ವಂತ ಸರ್ವರಿನವರಿಗೆ ಹತ್ತಿರದಲ್ಲೊಂದು ಪ್ರತಿ ಇರಲೇಬೇಕು.

ನನ್ನ ಆಯ್ಕೆ

ಇನ್ನೂರು ಮುನ್ನೂರು ಮೇಲ್‌ಬಾಕ್ಸ್‌ಗಳ ಗಿರಣಿ, ಆಸ್ಪತ್ರೆ, ವ್ಯಾಪಾರ ಸಂಸ್ಥೆಗೆ: ಕ್ಲೌಡ್, ಜೊತೆಗೆ ಬೇರೆ ಕಂಪನಿಯ ಬ್ಯಾಕಪ್. ಎರಡು ಮಾತಿಲ್ಲ. ಕಾಲೇಜುಗಳಿಗೆ: ವಿದ್ಯಾರ್ಥಿಗಳಿಗೆ ಉಚಿತ ಶಿಕ್ಷಣ ಆವೃತ್ತಿ, ಲೆಕ್ಕಪತ್ರ, ಪರೀಕ್ಷಾ ವಿಭಾಗಗಳ ಮೇಲ್‌ಬಾಕ್ಸ್‌ಗಳಿಗೆ ಮಾತ್ರ ಹಣ ಕೊಟ್ಟು ಬ್ಯಾಕಪ್. ಪತ್ರಗಳು ಸಂಸ್ಥೆಯ ಗೋಡೆಯೊಳಗೇ ಇರಬೇಕೆಂಬ ನಿಯಮ ನಿಜವಾಗಿಯೂ ಇರುವವರು 2019ರ ನಂತರದ ಆವೃತ್ತಿಯಾದ ಎಕ್ಸ್‌ಚೇಂಜ್ ಸಬ್‌ಸ್ಕ್ರಿಪ್ಶನ್ ಎಡಿಷನ್‌ಗೆ ಹೋಗಲಿ. 2019ರ ಕೊನೆಯ ಅಪ್‌ಡೇಟ್‌ಗಳಲ್ಲಿ ಇರುವವರು ಅದೇ ಯಂತ್ರದ ಮೇಲೆ ಅಪ್‌ಗ್ರೇಡ್ ಮಾಡಬಹುದು. 2016ರವರು ಹೊಸ ಸರ್ವರ್ ಕಟ್ಟಿ ಮೇಲ್‌ಬಾಕ್ಸ್‌ಗಳನ್ನು ಸಾಗಿಸಬೇಕು. ಒಂದೇ ಸರ್ವರ್, ಒಳ್ಳೆಯ ಬ್ಯಾಕಪ್, ಡಯಲ್ ಟೋನ್ ಅಭ್ಯಾಸದಿಂದ ಶುರು ಮಾಡಲಿ. ಬೇರೆ ವಿದ್ಯುತ್, ಬೇರೆ ಫೈಬರ್, ಮೂರನೇ ಜಾಗದ ವಿಟ್ನೆಸ್ ಈ ಮೂರೂ ಸಿದ್ಧವಾದ ದಿನ ಡಿಎಜಿ ಮಾತು.

ಯಾವ ದಾರಿ ಹಿಡಿದರೂ ಮೂರು ತಿಂಗಳಿಗೊಮ್ಮೆ ಒಂದು ಮೇಲ್‌ಬಾಕ್ಸನ್ನು ಬ್ಯಾಕಪ್‌ನಿಂದ ಪೂರ್ತಿ ಮರಳಿ ತಂದು, ಹಿಡಿದ ಹೊತ್ತನ್ನು ಬರೆದಿಡಿ. ಬ್ಯಾಕಪ್ ಸಾಫ್ಟ್‌ವೇರಿನ ಹಸಿರು ಗುರುತನ್ನು ಪುರಾವೆ ಎಂದುಕೊಳ್ಳಬೇಡಿ. ಅದನ್ನು ಮಾಡುವ ದಿನವೇ ಇನ್ನೊಂದನ್ನೂ ನೋಡಿ: ಡೊಮೇನ್ ಹೆಸರಿನ ನವೀಕರಣ ಯಾವಾಗ, ಡೊಮೇನ್ ಮಾರಿದ ಕಂಪನಿಯಲ್ಲಿ (ರಿಜಿಸ್ಟ್ರಾರ್) ಖಾತೆ ಯಾರ ಹೆಸರಿನಲ್ಲಿದೆ, ಅದರ ಪಾಸ್‌ವರ್ಡ್ ಮರುಹೊಂದಿಸುವ ಕೊಂಡಿ ಬರುವುದು ಯಾವ ವಿಳಾಸಕ್ಕೆ. ಅದು ಸಂಸ್ಥೆಯದೇ ಡೊಮೇನಿನ ವಿಳಾಸವಾಗಿದ್ದರೆ, ಮೇಲ್ ನಿಂತ ದಿನ ಆ ಕೊಂಡಿಯೂ ಬರುವುದಿಲ್ಲ. ಹೊರಗಿನ ಒಂದು ವಿಳಾಸ ಮತ್ತು ಸಂಸ್ಥೆಯ ಹೆಸರಿನಲ್ಲಿರುವ ಫೋನ್ ನಂಬರ್ ಅಲ್ಲಿ ಇವತ್ತೇ ಸೇರಿಸಿ.